ರಟ್ಟಿನ ಗೋಡೆಯ ತೂತು

ನಮ್ಮ ಮನೆಗೆ ಬಂದವರು ಮೊದಲು ಆ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಅತ್ತೆಯವರು ಹೇಗಿದ್ದಾರೆ ಎಂದು ಕೇಳುವುದು ಆಮೇಲೆ. ತಟ್ಟಿದರೆ ಖಾಲಿ ಡಬ್ಬಿ ಬಡಿದ ಹಾಗೆ ಸದ್ದು ಬರುತ್ತಿತ್ತು, ಬಂದವರಿಗೆ ನಗು ಬರುತ್ತಿತ್ತು. “ಒಳಗ ಬರೇ ಟೊಳ್ಳ ಐತಲ್ಲವಾ!” ಎಂದು ಒಬ್ಬರು, “ಇಲಿ ಕಡಿಯೂದಿಲ್ಲೇನು?” ಎಂದು ಇನ್ನೊಬ್ಬರು. ಗೂಟ ಹೊಡೆದರೆ ನಿಲ್ಲುತ್ತದೆಯೇ, ಮಳೆಗಾಲದಲ್ಲಿ ಕರಗುತ್ತದೆಯೇ, ಎತ್ತು ಹಾಯ್ದರೆ ಏನಾಗುತ್ತದೆ, ಸುಣ್ಣ ಬಳಿಯಬಹುದೇ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿತ್ತು. ಜಿಪ್ಸಮ್ ಬೋರ್ಡ್ ಎಂಬ ಹೆಸರು ಊರಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ರಟ್ಟಿನ ಗ್ವಾಡಿ ಎಂದೇ ಎಲ್ಲರೂ ಕರೆದರು, ಕೊನೆಗೆ ನಾನೂ ಹಾಗೇ ಕರೆಯತೊಡಗಿದೆ. ನವಲಗುಂದ ತಾಲೂಕಿನ ನಮ್ಮ ಊರಿನಲ್ಲಿ ಅಂಥ ಗೋಡೆ ನಿಲ್ಲಿಸಿದ ಮೊದಲ ಮನೆ ನಮ್ಮದು. ನೋಡಿದವರು ಯಾರೂ ನಮ್ಮ ಹಾದಿ ಹಿಡಿಯಲಿಲ್ಲ.

ಶೋಕಿಗಾಗಿ ನಿಲ್ಲಿಸಿದ್ದಲ್ಲ ಅದು. ಕಡಲೆ ರಾಶಿ ಮುಗಿದ ಮೇಲೆ ಒಂದು ಬೆಳಗ್ಗೆ ಅತ್ತೆಯವರಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ತೊದಲತೊಡಗಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಕರೆತಂದ ಮೇಲೆ ಅವರ ಮಂಚವನ್ನು ಪಡಸಾಲೆಯ ಮೂಲೆಯಲ್ಲಿ ಹಾಕಿದೆವು. ನಮ್ಮದು ಹಳೆಯ ಮಣ್ಣಿನ ಮನೆ. ಬೀದಿ ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಆಚೆ ಅಡುಗೆಮನೆ, ಹಿತ್ತಿಲಿನಲ್ಲಿ ಹತ್ತಿ ಒಟ್ಟುವ ಒಂದು ಕತ್ತಲ ಕೋಣೆ. ಇಷ್ಟೇ ಮನೆ. ಉಣ್ಣುವುದು, ಮಲಗುವುದು, ಬಂದವರು ಕೂಡುವುದು ಎಲ್ಲವೂ ಪಡಸಾಲೆಯಲ್ಲೇ. ಮಗಳು ಮದುವೆಯಾಗಿ ಕಲಘಟಗಿ ಕಡೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಅತ್ತೆ, ನಾನು, ನಮ್ಮನೆಯವರು. ನಮ್ಮನೆಯವರು ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ಅತ್ತೆಯವರ ಮೈ ಒರೆಸುವಾಗ, ಬಟ್ಟೆ ಬದಲಿಸುವಾಗ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಚಾದರ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಯಮನೂರಿಗೆ ಹೊರಟಿದ್ದ ದೂರದ ಬೀಗರು, ಹಾದಿಯಲ್ಲೇ ಊರು ಸಿಗುತ್ತದೆ, ನೋಡಿಕೊಂಡು ಹೋಗೋಣ ಎಂದು, ಕೂಗದೆ ಕರೆಯದೆ ಸೀದಾ ಒಳಗೆ ಬಂದರು. ಗಾಳಿಗೆ ಚಾದರ ಸರಿದಿತ್ತು. ಅತ್ತೆ ಅರೆಬೆತ್ತಲೆಯಾಗಿ ಮಗ್ಗುಲಾಗಿದ್ದರು, ನನ್ನ ಕೈಯಲ್ಲಿ ಹೇಸಿಗೆಯ ಬಟ್ಟೆ ಇತ್ತು. ಬೀಗರು ಮುಖ ತಿರುಗಿಸಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಅತ್ತೆ ಎಡಗೈಯಿಂದ ಸಿಕ್ಕಷ್ಟು ಸೆರಗು ಎಳೆದು ಮುಖ ಮುಚ್ಚಿಕೊಂಡರು, ಮೈ ಹಾಗೇ ಉಳಿಯಿತು. ಓಣಿಯ ಹುಡುಗಿಯರಿಗೆಲ್ಲ ಸೆರಗು ಸರಿಮಾಡಿಕೊಳ್ಳಿ ಎಂದು ಗದರಿಸುತ್ತಿದ್ದ ಹೆಂಗಸು ಅವರು. ಆ ದಿನ ಎಷ್ಟು ಬೇಡಿಕೊಂಡರೂ ಒಂದು ತುತ್ತು ಬಾಯಿಗಿಡಲಿಲ್ಲ.

ಮರೆ ಬೇಕೇ ಬೇಕು ಎಂದು ನಾನು ಹಟ ಹಿಡಿದದ್ದು ಅವತ್ತು. ನನ್ನ ಹಟಕ್ಕೆ ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದೇಕೆ. ಅತ್ತೆಯ ಮಾತು ಬಿದ್ದುಹೋಗಿತ್ತು, ಕಣ್ಣು ಬಿದ್ದಿರಲಿಲ್ಲ. ಮಂಚದ ಮೇಲಿಂದ ಆ ಕಣ್ಣು ದಿನವಿಡೀ ನನ್ನ ಬೆನ್ನ ಹಿಂದೆಯೇ ಇರುತ್ತಿತ್ತು. ಕಸ ಗುಡಿಸಿದರೆ ಮೂಲೆ ಬಿಟ್ಟೆನೇ ಎಂದು, ದನಕ್ಕೆ ಹಾಕಿದರೆ ಮೇವು ಹೆಚ್ಚಾಯಿತೇ ಎಂದು. ಬೆನ್ನಿಗೆ ಹುಣ್ಣಾಗಬಾರದೆಂದು ರಾತ್ರಿಯೆಲ್ಲ ಆಗಾಗ ಎದ್ದು ಅವರನ್ನು ಮಗ್ಗುಲು ಬದಲಿಸಬೇಕಿತ್ತು, ಹೀಗಾಗಿ ನನ್ನ ನಿದ್ದೆ ತುಂಡು ತುಂಡಾಗಿತ್ತು. ಹಗಲಾದರೂ ಯಾರೂ ನೋಡದ ಕಡೆ ಒಂದಿಷ್ಟು ಕೂಡಬೇಕು ಅನ್ನಿಸುತ್ತಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ಇಟ್ಟಿಗೆ ಗೋಡೆ ಆಗುವ ಮಾತಾಗಿರಲಿಲ್ಲ. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಆಳವಾಗಿ ಪಾಯ ತೆಗೆಯದೆ ಪಡಸಾಲೆಯ ನಡುವೆ ಇಟ್ಟಿಗೆ ಏರಿಸಿದರೆ ಒಂದೇ ವರ್ಷದಲ್ಲಿ ಓರೆಯಾಗುತ್ತದೆ. ಪಾಯ ತೆಗೆಯಲು ಹೋದರೆ ಹಳೆಯ ಕಂಬಗಳೇ ಅಲುಗಾಡಬೇಕು. ನಮ್ಮನೆಯವರು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ರಟ್ಟಿನ ಗೋಡೆ ನೋಡಿ ಬಂದರು. ಹಗುರ, ಪಾಯ ಬೇಡ, ಬೇಗ ಮುಗಿಯುತ್ತದೆ. ಅಣ್ಣಿಗೇರಿಯ ಕಡೆಯ ಒಬ್ಬ ಕೆಲಸದವನು ಸಿಕ್ಕ. ನಾಳೆ ಬರ್ತೇನ್ರಿ ಎಂದು ಅವನು ಹೇಳಿದರೆ ಈ ವಾರದಲ್ಲಿ ಎಂದು ತಿಳಿಯಬೇಕು. ಕಿವಿಯಲ್ಲಿ ಫೋನಿನ ವಾಯರು ಸಿಕ್ಕಿಸಿಕೊಂಡೇ ಕೆಲಸ ಮಾಡುವವನು, ಎರಡು ಸಲ ಕೂಗಿದರೆ ಒಮ್ಮೆ ಕೇಳಿಸುತ್ತಿತ್ತು.

ಅವನು ಬಂದ ದಿನ ಓಣಿಯೇ ನಮ್ಮ ಪಡಸಾಲೆಯಲ್ಲಿ ನೆರೆಯಿತು. ಮೊದಲು ನೆಲಕ್ಕೂ ಮೇಲಿನ ತೊಲೆಗೂ ತಗಡಿನ ಪಟ್ಟಿ ಬಡಿದ, ನಡುವೆ ತಗಡಿನದೇ ಕಂಬಿಗಳನ್ನು ನಿಲ್ಲಿಸಿದ, ಆಮೇಲೆ ಎರಡೂ ಬಾಜು ಬೋರ್ಡು ಹಚ್ಚಿ ಸ್ಕ್ರೂ ಕೂಡಿಸತೊಡಗಿದ. ನಮ್ಮ ತೊಲೆಗಳು ಒಂದರ ಹಾಗೆ ಒಂದಿಲ್ಲ, ಅಳತೆ ಹಿಡಿಯುವಾಗ ಅವನು ಗೊಣಗಿದ್ದೇ ಗೊಣಗಿದ್ದು. ಸ್ಕ್ರೂ ಬೋರ್ಡಿನ ಮೇಲಿನ ಕಾಗದದೊಳಗೆ ಕೊಂಚ ಇಳಿಯಬೇಕು, ಕಾಗದ ಹರಿಯಬಾರದು, ಹರಿದರೆ ಹಿಡಿತ ತಪ್ಪುತ್ತದೆ ಎಂದ. ನಮ್ಮನೆಯವರಿಗೆ ಅದೆಲ್ಲ ಬೇಕಿರಲಿಲ್ಲ.

“ನೊಗಾ ತೂಗಹಾಕಾಕ ಒಂದು ಗೂಟ ಹೊಡಿಬಹುದಲ್ಲೋ?” ಎಂದು ಕೇಳಿದರು.

“ನೊಗಾ ಹಾಕಿದ್ರ ಗ್ವಾಡೀನ ಕೆಳಗ ಬರ್ತದ್ರಿ ಕಾಕಾ. ಕ್ಯಾಲೆಂಡರ್ ಹಾಕ್ರಿ, ದೇವರ ಫೋಟೋ ಹಾಕ್ರಿ. ಭಾರದ್ದು ಏನರ ಹಾಕೂದಿದ್ರ ಈಗ ಹೇಳ್ರಿ, ಒಳಗ ಕಟಗಿ ಪಟ್ಟಿ ಕೂಡಸ್ತೇನಿ. ಮುಚ್ಚಿದ ಮ್ಯಾಲ ಹೇಳಿದ್ರ ಬಗಿಹರಿಯೂದಿಲ್ಲ.”

“ನೊಗಾ ಹಾಕಾಕ ಬರದ ಗ್ವಾಡಿ ಅದೆಂಥಾ ಗ್ವಾಡಿಲೇ!” ಎಂದು ನಮ್ಮನೆಯವರು ಎದ್ದು ಹೋದರು.

ಬೋರ್ಡಿನ ಕೆಳಗೆ ನೆಲ ಮುಟ್ಟದ ಹಾಗೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದ. ನೆಲದ ಹಸಿ ಮೇಲೆ ಏರಬಾರದು, ಎರೆ ಉಬ್ಬಿದರೂ ಬೋರ್ಡು ಮುರಿಯಬಾರದು, ಅದಕ್ಕೆ. ಮುಂದೆ ಒಂದು ಪಟ್ಟಿ ಹಚ್ಚಿ ಮರೆಮಾಡುತ್ತೇನೆ ಎಂದ. ಆ ಪಟ್ಟಿ ಅಣ್ಣಿಗೇರಿಯಲ್ಲೇ ಉಳಿದಿತ್ತು, ನಾಳೆ ತರುತ್ತೇನೆ ಎಂದ. ಅವನ ನಾಳೆಯ ಬಗ್ಗೆ ಆಗಲೇ ಹೇಳಿದ್ದೇನೆ.

ಇಷ್ಟೆಲ್ಲ ನಡೆಯುವಾಗ ಅತ್ತೆ ಮಂಚದ ಮೇಲೆ ಒರಗಿಕೊಂಡು ಸುಮ್ಮನೆ ನೋಡುತ್ತಿದ್ದರು. ತಮ್ಮ ಸುತ್ತಲೇ ತಗಡಿನ ಕಂಬಿಗಳು ಏಳುತ್ತಿದ್ದವಲ್ಲ, ಏನು ಅನ್ನಿಸಿತೋ. ಮೊದಲ ಬೋರ್ಡು ನಿಂತು ಬೀದಿ ಬಾಗಿಲು ಮರೆಯಾದಾಗ ಕೋಲನ್ನು ಎತ್ತಿ ಅದಕ್ಕೆ ಮುಟ್ಟಿಸಿದರು. ಎಡಗೈಯಲ್ಲಿ ಸದಾ ಒಂದು ಬಿದಿರ ಕೋಲು ಇರುತ್ತಿತ್ತು, ತುದಿಗೆ ಕಬ್ಬಿಣದ ಬಳೆ ಹಾಕಿದ್ದು.

“ನನ್ನ… ಗೂಡಿನ್ಯಾಗ ಹಾಕ್ತೀರೇನು?” ಎಂದರು.

“ನಿಮ್ಮ ಮಾನಕ್ಕ ಮಾಡೇವ್ರಿ ಅತ್ತಿ. ಬೀಗರು ಬಂದಾಗ ಏನಾತು ನೆನಪಿಲ್ಲೇನ್ರಿ?” ಎಂದೆ. ಅವರು ಮುಖ ತಿರುಗಿಸಿಕೊಂಡರು, ಅವತ್ತಿನಿಂದ ನನ್ನೊಂದಿಗೆ ಮಾತು ಬಿಟ್ಟರು. ಮೂರು ಮಂದಿಯ ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ ಎಷ್ಟು ಭಾರ ಎಂದು ಆ ವಾರ ಗೊತ್ತಾಯಿತು.

ಬೋರ್ಡು ನಿಲ್ಲಿಸಿದ್ದು ಒಂದು ತೂಕ, ಅದನ್ನು ನಯ ಮಾಡಿದ್ದು ಇನ್ನೊಂದು ತೂಕ. ಬೋರ್ಡು ಬೋರ್ಡು ಕೂಡುವ ಕಡೆ ಜಾಳಿಗೆಯಂಥ ಟೇಪು ಅಂಟಿಸಿ ಅದರ ಮೇಲೆ ಪುಟ್ಟಿಯ ಬಿಳಿ ಲೇಪ ಎಳೆದ. ಒಣಗಿದ ಮೇಲೆ ಇನ್ನೊಮ್ಮೆ, ಮೊದಲಿನಕ್ಕಿಂತ ಅಗಲವಾಗಿ, ಮತ್ತೆ ಒಣಗಿದ ಮೇಲೆ ಇನ್ನೂ ಅಗಲವಾಗಿ. ನಡುವೆ ಮೋಡ ಹಾಕಿತು, ಪುಟ್ಟಿ ಒಣಗಲೊಲ್ಲದು. ಇವತ್ತೇ ಬಣ್ಣ ಹೊಡೆದು ಮುಗಿಸಬಾರದೇ ಎಂದು ಎಲ್ಲರೂ ಕೇಳುವವರೇ. “ಹಸೀದರ ಮ್ಯಾಲ ಹೊಡದ್ರ ಹಪ್ಪಳಾ ಎದ್ದಂಗ ಏಳ್ತದ್ರಿ” ಎಂದು ಅವನು ಮಲಗಲು ಹೋಗುತ್ತಿದ್ದ. ಹೌದು, ನಮ್ಮ ಕಟ್ಟೆಯ ಮೇಲೆಯೇ, ಹಾಡು ಕೇಳುತ್ತಾ. ಅವನ ನಿದ್ದೆ ನೋಡಿ ನನಗೆ ಹೊಟ್ಟೆಕಿಚ್ಚು ಬರುತ್ತಿತ್ತು.

ಕೊನೆಗೆ ಉಜ್ಜುವ ಕಾಗದ ಹಿಡಿದು ಗೋಡೆ ತಿಕ್ಕಿದ. ಅಯ್ಯೋ, ಆ ಧೂಳು! ಮೈದಾ ಚೀಲ ಒಡೆದ ಹಾಗೆ. ಜೋಳದ ಹಿಟ್ಟಿನ ಡಬ್ಬಿಯ ಮೇಲೆ, ಹೆಪ್ಪು ಹಾಕಿದ ಹಾಲಿನ ಮೇಲೆ, ದೇವರ ಜಗುಲಿಯ ಮೇಲೆ, ಎತ್ತುಗಳ ಕಣ್ಣಿನ ರೆಪ್ಪೆಯ ಮೇಲೆ ಕೂಡ. ಎತ್ತು ಸೀನುವುದನ್ನು ನಾನು ನೋಡಿದ್ದು ಅವತ್ತೇ. ಅತ್ತೆಯ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಮಂಚವನ್ನು ಕಟ್ಟೆಗೆ ಸಾಗಿಸಿ, ಸಂಜೆ ಮತ್ತೆ ಒಳಗೆ ತಂದು, ಇಡೀ ಮನೆ ಎರಡೆರಡು ಸಲ ಒರೆಸಿದೆ. ಅವನು ಫೋನಿನ ಬ್ಯಾಟರಿ ಬೆಳಕನ್ನು ಗೋಡೆಗೆ ಓರೆಯಾಗಿ ಹಿಡಿದು ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಎಂದು ತೋರಿಸುತ್ತಿದ್ದರೆ, ತಗ್ಗಿದ್ದರೆ ಇರಲಿ ಮಾರಾಯಾ, ಮುಗಿಸಿ ಹೋಗು ಅನ್ನಿಸುತ್ತಿತ್ತು. ಮೇಲೆ ಒಂದು ಕೈ ಪ್ರೈಮರ್, ಆಮೇಲೆ ತಿಳಿ ಹಸಿರು ಬಣ್ಣ. ಬಣ್ಣ ಆರಿಸಿದ್ದು ನಾನು. ಅತ್ತೆಯನ್ನು ಕೇಳಿದರೆ ಮುಖ ಆಚೆ ತಿರುಗಿಸಿದ್ದರು.

ಹೊಸ ಕೋಣೆಗೆ ಬಾಗಿಲು ಬಂತು. ಬಾಗಿಲು ಮುಂದೆ ಮಾಡಿ ಬಟ್ಟೆ ಬದಲಿಸಿದ ಮೊದಲ ದಿನ, ಹೊರಗೆ ಯಾರೋ ಹತ್ತಿ ವ್ಯಾಪಾರದವರು ನಮ್ಮನೆಯವರೊಂದಿಗೆ ಮಾತಾಡುತ್ತಿದ್ದರು, ಒಳಗೆ ನಾನು ನಿಶ್ಚಿಂತೆಯಾಗಿ ನೀರು ಹಿಂಡಿ ಅತ್ತೆಯ ಕಾಲು ಒರೆಸಿದೆ. ಅತ್ತೆಯೂ ಅವತ್ತು ಮೈ ಬಿಗಿಹಿಡಿಯಲಿಲ್ಲ. ಮಾನ ಉಳಿಯಿತು ಎಂದುಕೊಂಡೆ. ನನಗೂ ಒಂದು ತುಸು ಹಗುರ.

ಅದು ಬಹಳ ದಿನ ನಡೆಯಲಿಲ್ಲ. ಸದ್ದು ಶುರುವಾಯಿತು. ಅತ್ತೆ ಕೋಲಿನಿಂದ ಗೋಡೆ ಬಡಿಯತೊಡಗಿದರು. ಟೊಳ್ಳು ಗೋಡೆ, ಡಬಡಬ ಎಂದು ಇಡೀ ಮನೆ ತುಂಬುತ್ತಿತ್ತು. ಬೆಳಗ್ಗೆ ರೊಟ್ಟಿ ಮಾಡುವ ಹೊತ್ತಿಗಂತೂ ತಪ್ಪದೆ ಬಡಿಯುವರು. ಬೆಚ್ಚಿಬಿದ್ದು, ಹಿಟ್ಟಿನ ಕೈಯಲ್ಲೇ ಓಡಿಹೋಗಿ “ಏನ್ ಬೇಕ್ರಿ?” ಎಂದರೆ ಏನೂ ಇಲ್ಲ. ನೀರು ಬೇಡ, ಮಗ್ಗುಲು ಬೇಡ. ಸುಮ್ಮನೆ ನನ್ನ ಮುಖ ನೋಡಿ ಕಣ್ಣು ಮುಚ್ಚುವರು. ಇದು ಗೋಡೆ ಕಟ್ಟಿಸಿದ್ದಕ್ಕೆ ಸೇಡು, ಮತ್ತೇನಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ಮರಳುತ್ತಿದ್ದೆ.

ಅಷ್ಟರಲ್ಲಿ ಗೋಡೆಯ ಬುಡ ಕೆಟ್ಟಿತು. ಕೆಳಗಿನ ಆ ಸಂದನ್ನು ನೋಡಿದವರೆಲ್ಲ, ಇದೇನು, ಗೋಡೆ ನೆಲಕ್ಕೇ ಮುಟ್ಟಿಲ್ಲ, ಅರ್ಧ ಕೆಲಸ ಮಾಡಿ ಹೋಗಿದ್ದಾನೆ ಎಂದು ಆಡಿಕೊಳ್ಳುತ್ತಿದ್ದರು. ನಮ್ಮನೆಯವರಿಗೆ ಅವಮಾನ. ಒಂದು ಅಮಾವಾಸ್ಯೆಗೆ ಹೊಲದ ಕೆಲಸ ಬಿಡುವಿತ್ತು. ಎರೆಮಣ್ಣಿಗೆ ಸೆಗಣಿ ಕಲಸಿ, ಆ ಸಂದಿನ ತುಂಬ ಮೆತ್ತಿ, ಮೇಲೆ ಚೆಂದಾಗಿ ಕೆಮ್ಮಣ್ಣಿನ ಪಟ್ಟೆ ಎಳೆದರು. ಮಣ್ಣಿನ ಗೋಡೆಯ ಬುಡಕ್ಕೆ ನಮ್ಮ ಊರಲ್ಲಿ ಎಲ್ಲರೂ ಮಾಡುವುದೇ ಅದು. ನೋಡಲು ಚೆಂದವೇ ಇತ್ತು. ನಾನು ಸೋಮವಾರ ಶುಕ್ರವಾರ ಸೆಗಣಿ ಸಾರಿಸಿದಾಗಲೆಲ್ಲ ಆ ಮಣ್ಣು ನೀರು ಕುಡಿಯಿತು, ಮಣ್ಣಿನಿಂದ ಬೋರ್ಡು ಕುಡಿಯಿತು. ಕೆಲವು ವಾರದಲ್ಲಿ ತಿಳಿ ಹಸಿರು ಬಣ್ಣ ಬುಡದಿಂದ ಉಬ್ಬಿ ಎದ್ದು, ಕಪ್ಪು ಬೂಜು ಹಿಡಿದು, ಒತ್ತಿದರೆ ಬೆರಳು ಒಳಗೆ ಹೋಗುವಂತಾಯಿತು.

ಕೆಲಸದವನು ಬಂದು ನೋಡಿ ಹಣೆ ಹಣೆ ಬಡಿದುಕೊಂಡ. “ಕಾಕಾ, ಉಸಿರಾಡಾಕ ಬಿಟ್ಟದ್ದು ಮುಚ್ಚಿಬಿಟ್ರಲ್ರಿ!”

“ಪಟ್ಟಿ ತರ್ತೇನಿ ಅಂದಾವ ನೀ ಎಲ್ಲಿ ಹೋಗಿದ್ಯೋ?” ಎಂದರು ನಮ್ಮನೆಯವರು. ಇಬ್ಬರೂ ಸರಿ, ಇಬ್ಬರದೂ ತಪ್ಪು. ಧೂಳು ಬಳಿಯುವವಳು ನಾನು.

ಕೆಟ್ಟ ಭಾಗದ ಮೇಲೆ ಬಣ್ಣ ಬಳಿದರೆ ಸಾಲದೇ ಎಂದು ನಾನೇ ಕೇಳಿದೆ. ಇಲ್ಲವಂತೆ. ನೆಂದು ಮೆತ್ತಗಾದ ಬೋರ್ಡು ಮತ್ತೆ ಗಟ್ಟಿಯಾಗುವುದಿಲ್ಲ, ಕೊಯ್ದು ತೆಗೆಯಬೇಕು. ಮೊಣಕಾಲೆತ್ತರಕ್ಕೆ ಗೆರೆ ಹೊಡೆದು ಕೊಯ್ದ, ಹಸಿ ತಡೆಯುವ ಬೇರೆ ಜಾತಿಯ ಬೋರ್ಡಿನ ಪಟ್ಟಿ ಕೂಡಿಸಿದ, ಮತ್ತೆ ಟೇಪು, ಮತ್ತೆ ಪುಟ್ಟಿ, ಮತ್ತೆ ಉಜ್ಜುವುದು. ಈ ಸಲ ಸಂದನ್ನು ಮರೆಮಾಡುವ ಪಟ್ಟಿಯೂ ಬಂತು. ಆ ಬಾಜು ಸಾರಿಸುವಾಗ ಒಂದು ಗೇಣು ಬಿಟ್ಟು ಸಾರಿಸಿರಿ ಅಕ್ಕಾರ ಎಂದು ನನಗೆ ಹೇಳಿಹೋದ. ಗೇಣು ಬಿಟ್ಟು ಸಾರಿಸಿದರೆ ಅತ್ತೆ ಕಣ್ಣಲ್ಲೇ ಬೈಯುತ್ತಿದ್ದರು.

ಬುಡ ಸರಿಯಾಯಿತು ಎನ್ನುವಾಗ ತೂತು ಬಿತ್ತು. ಒಂದು ದಿನ ಹಾಸಿಗೆ ಕೊಡವಲು ಹೋದರೆ ದಿಂಬಿನ ಬಾಜು ಬಿಳಿ ಪುಡಿ, ಅತ್ತೆಯ ಎಡಗೈ ಬೆರಳೆಲ್ಲ ಬಿಳಿ. ಮಂಚಕ್ಕೆ ತಾಗಿದ ಗೋಡೆಯಲ್ಲಿ, ಮಲಗಿದರೆ ಕಣ್ಣಿನ ಮಟ್ಟಕ್ಕೆ, ಕೋಲಿನ ಕಬ್ಬಿಣದ ತುದಿಯಿಂದ ಕೊರೆದು ಕೊರೆದು ಎರಡೂ ಬೋರ್ಡು ಪಾರುಮಾಡಿದ್ದರು. ಒಂದು ರೂಪಾಯಿ ನಾಣ್ಯ ತೂರುವಷ್ಟು ತೂತು. ಹೊರಗಿನಿಂದ ನೋಡಿದರೆ ಅದು ಸೀದಾ ಬೀದಿ ಬಾಗಿಲಿಗೆ ಎದುರಾಗಿತ್ತು.

“ಯಾರ್ ಬಂದ್ರು ಯಾರ್ ಹೋದ್ರು ನೋಡಬೇಕು ಮುದುಕಿಗೆ” ಎಂದು ನಮ್ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಆ ಮರೆಗಾಗಿ ನಾನು ತಿಂದ ಧೂಳು ನನಗೆ ಗೊತ್ತು.

ಕೆಲಸದವನು ಬಂದು ತೂತಿನ ಸುತ್ತ ಚೌಕಾಗಿ ಕೊಯ್ದ, ಹಿಂದೆ ಕಟ್ಟಿಗೆಯ ತುಂಡು ಇಟ್ಟು ಸ್ಕ್ರೂ ಹಾಕಿದ, ಆ ಚೌಕಕ್ಕೆ ಸರಿಯಾದ ಬೋರ್ಡಿನ ತುಂಡು ಕೂಡಿಸಿ ಟೇಪು ಪುಟ್ಟಿ ಮಾಡಿದ. ಎಲ್ಲಿ ತೂತಿತ್ತು ಎಂದು ಹೇಳಲಾಗದಷ್ಟು ನಯವಾಯಿತು. ಅವನು ಹೋದ ವಾರದೊಳಗೆ ಅತ್ತೆ ಅದರ ಬಾಜುವೇ ಇನ್ನೊಂದು ತೂತು ಕೊರೆದರು. ಎರಡನೆಯ ಸಲ ಅವನನ್ನು ಕಾಯದೆ ನಾನೇ ಮುಚ್ಚಿದೆ. ಉಳಿದ ಪುಟ್ಟಿ ಕಲಸಿ, ತೂತಿಗೆ ಜಾಳಿಗೆ ಟೇಪು ಅಂಟಿಸಿ, ತಗಡಿನಿಂದ ಎಳೆದೆ. ನಾನು ಎಳೆದದ್ದು ಗುಳ್ಳೆ ಗುಳ್ಳೆಯಾಗಿ ಎದ್ದು ಕಾಣುತ್ತಿತ್ತು. ಕಂಡರೆ ಕಾಣಲಿ. ಮುಚ್ಚುವಾಗ ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು, ಮರುದಿನ ಅಲ್ಲೇ ಕೋಲು ಹಾಕಿ ಮತ್ತೆ ತೂತು ಮಾಡಿದರು. ಕೋಲನ್ನು ಕಸಿದುಕೊಂಡು ಮಂಚದ ಕೆಳಗೆ ಎಸೆದೆ. ಒಂದು ಗಳಿಗೆ ಬಿಟ್ಟು ನಾನೇ ಬಗ್ಗಿ ಕೋಲು ತೆಗೆದು ಕೊಟ್ಟೆ, ಅದಿಲ್ಲದಿದ್ದರೆ ಅವರು ಕೂಗುವುದಾದರೂ ಹೇಗೆ.

ನಮ್ಮನೆಯವರಿಗೂ ತಾಳ್ಮೆ ತಪ್ಪಿತು. “ಇದು ಬಗಿಹರಿಯೂದಲ್ಲ. ಹಿತ್ತಲ ಖೋಲಿಗೆ ಹಾಕೂಣು. ಅಲ್ಲಿ ಮಣ್ಣಿನ ಗ್ವಾಡಿ, ಏನ್ ಕೊರಿತಾಳ ಕೊರೀಲಿ. ಈ ರಟ್ಟು ಬಿಚ್ಚಿಸಿ ಒಗಸ್ತೇನಿ” ಎಂದರು.

ಹಿತ್ತಿಲ ಕೋಣೆ ಎಂದರೆ ಹತ್ತಿ ಒಟ್ಟುವ ಕತ್ತಲು. ಕಿಟಕಿಯಿಲ್ಲ. ಅಲ್ಲಿಂದ ಪಡಸಾಲೆಯ ಮಾತು ಕೇಳುವುದಿಲ್ಲ, ಅಲ್ಲಿಯ ಕೂಗು ಇಲ್ಲಿಗೆ ಬರುವುದಿಲ್ಲ. ಮಾತಾಡಲಾಗದ ಮನುಷ್ಯರನ್ನು ಅಲ್ಲಿ ಹಾಕಿದರೆ ಏನಾಗುತ್ತದೆ ಎಂದು ಇಬ್ಬರಿಗೂ ತಿಳಿದಿತ್ತು. ಅತ್ತೆಗೂ ಎಲ್ಲ ಕೇಳಿಸಿತ್ತು, ಗೋಡೆಯಾದರೂ ಅದು ರಟ್ಟಿನದಲ್ಲವೇ. ಬೇಡ ಎನ್ನಬೇಕಾದವಳು ನಾನು. ಅಂದು ನನ್ನಲ್ಲಿ ಬೇಡ ಎನ್ನುವಷ್ಟು ಕಸುವು ಕೂಡ ಇರಲಿಲ್ಲ. “ಹೂಂ, ಮಾಡ್ರಿ” ಎಂದೆ.

ಮರುದಿನ ಬೆಳಗ್ಗೆ ರೊಟ್ಟಿ ಮುಗಿಸಿ ಅತ್ತೆಗೆ ಬಟ್ಟೆ ಬದಲಿಸಿ ಬಾಜುವಿನ ಕುರ್ಚಿಯಲ್ಲಿ ಕೂಡಿಸಿದೆ. ಹಿತ್ತಿಲಲ್ಲಿ ನಮ್ಮನೆಯವರು ಕೋಣೆ ಗುಡಿಸುವ ಸದ್ದು ಬರುತ್ತಿತ್ತು. ರಟ್ಟು ಬಿಚ್ಚಲು ಕೆಲಸದವನಿಗೂ ಹೇಳಿದ್ದರು. ನಾನು ಹಾಸಿಗೆ ಸುತ್ತಬೇಕಿತ್ತು. ಸುತ್ತುವ ಮೊದಲು ಒಂದು ಗಳಿಗೆ ಮಂಚದ ಮೇಲೆ ಕೂತೆ, ಕೂತವಳು ಹಾಗೇ ಮಗ್ಗುಲಾಗಿ ದಿಂಬಿನ ಮೇಲೆ ತಲೆಯಿಟ್ಟೆ. ದಿಂಬಿಗೆ ಕೊಬ್ಬರಿ ಎಣ್ಣೆಯ ವಾಸನೆ. ಕಣ್ಣೆದುರೇ ತೂತು ಇತ್ತು. ಏನು ಅಂಥಾದ್ದು ಕಾಣುತ್ತದೆ ಇವರಿಗೆ ಎಂದು ಕಣ್ಣು ಹಚ್ಚಿದೆ.

ಬೀದಿ ಬಾಗಿಲು ಕಾಣಲಿಲ್ಲ. ದಿಂಬಿನ ಮೇಲೆ ತಲೆಯಿಟ್ಟರೆ ಕಂಬ ಸರಿಯಾಗಿ ಬಾಗಿಲಿಗೆ ಅಡ್ಡ ಬರುತ್ತದೆ. ಕಂಬದ ಬಾಜು ಓರೆಯಾಗಿ ಕಾಣುವುದು ಅಡುಗೆಮನೆಯ ಬಾಗಿಲು. ಆ ಬಾಗಿಲೊಳಗೆ ನನ್ನ ಒಲೆ, ಹಿಟ್ಟು ನಾದುವ ಪರಾತ, ನಾನು ಕೂಡುವ ಮಣೆ. ಮಣೆ ಖಾಲಿಯಿತ್ತು. ತೂತಿನಲ್ಲಿ ಮತ್ತೇನೂ ಕಾಣುವುದಿಲ್ಲ. ತಲೆ ಆಚೆ ಈಚೆ ಸರಿಸಿ ನೋಡಿದೆ. ಊಹೂಂ.

“ಅತ್ತಿ, ಇಲ್ಲಿಂದ ಬಾಗಲಾ ಕಾಣೂದಿಲ್ಲಲ್ರಿ?”

ಅವರು ಇಲ್ಲ ಎಂದು ತಲೆಯಾಡಿಸಿದರು.

“ಮತ್ತ ಏನ್ ನೋಡ್ತೀರಿ ಇದರಾಗ?”

ಎಡಗೈ ಎತ್ತಿ ನನ್ನ ಕಡೆ ಚಾಚಿದರು. “ನಿನ್ನ.”

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಕೂತು, “ಯಾಕ್ರಿ? ನಾ ಏನ್ ಕದ್ದು ತಿಂತೇನೇನು, ನನ್ನ ಕಾಯಾಕ?” ಎಂದೆ.

ಅವರು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಒಂದು ಕಡೆ ಜೋತ ತುಟಿಯನ್ನು ಕೈಯಿಂದ ಎತ್ತಿ ಹಿಡಿದುಕೊಂಡು, ಒಂದೊಂದೇ ಮಾತನ್ನು ತಳ್ಳಿದರು. “ನಿದ್ದಿ… ಮಾಡ್ತೀ. ಒಲಿ ಮುಂದ. ಕುಂತಲ್ಲೇ… ತಲಿ ಜೋಲಿ ಹೊಡಿತದ. ಗ್ವಾಡಿ ಬರೂ ಮೊದಲ… ಕಂಡಿದ್ದೆ, ಆಮ್ಯಾಲ ಕಾಣ್ಲಿಲ್ಲ… ಅದಕ್ಕ ಕೊರದೆ. ಸೆರಗು… ಒಲ್ಯಾಗ ಬಿದ್ರ? ನಾ ಎದ್ದ್ ಬರಾಕ… ಆಕ್ಕೈತೇನು? ಅದಕ್ಕ… ಬಡಿತೇನಿ. ಏಳ್ತೀ.”

ಒಲೆಯ ಮುಂದೆ ನಾನು ತೂಕಡಿಸುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಹೇಳುವವರಾದರೂ ಯಾರಿದ್ದರು. ಬೆಳಗಿನ ಆ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದವರು ನಾವಿಬ್ಬರೇ. ಬೆಚ್ಚಿಬಿದ್ದು ಓಡಿಬಂದ ಒಂದೊಂದು ಬೆಳಗೂ ನೆನಪಾಯಿತು. ಬಿಕ್ಕಿ ಬಿಕ್ಕಿ ಅಳು ಬಂತು, ಅತ್ತುಬಿಟ್ಟೆ. ಅತ್ತೆ ಸಮಾಧಾನ ಮಾಡಲಿಲ್ಲ, ಅವರಿಗೆ ಅದೆಲ್ಲ ಬರುವುದೂ ಇಲ್ಲ.

ನಮ್ಮನೆಯವರು ಕಸಬರಿಗೆ ಹಿಡಿದುಕೊಂಡೇ ಬಂದರು. “ಎತ್ತೂಣೇನು ಮಂಚಾ?”

“ಬ್ಯಾಡ್ರಿ. ಅತ್ತಿಯಾರು ಇಲ್ಲೇ ಇರ್ಲಿ” ಎಂದೆ. ಆಮೇಲೆ, ಅದುವರೆಗೆ ಯಾವತ್ತೂ ಹೇಳದಿದ್ದದ್ದು ತಾನಾಗಿ ಬಾಯಿಗೆ ಬಂತು. “ನನಗ ಭಾಳ ದಣಿವಾಗೇತ್ರಿ. ಒಬ್ಬಾಕಿ ಕಡಿಂದ ಆಗವಲ್ದು.”

“ಮೊದಲ ಹೇಳಬಾರದೇನು?” ಎಂದರು. ಹೇಳಿದರೆ ಮಾತ್ರ ತಿಳಿಯುವ ಜಾತಿ. ಹೇಳಲು ಬಾಯಿಯಿಲ್ಲದವರಿಗೆ ಕಂಡದ್ದು ಇವರಿಗೆ ಕಂಡಿರಲಿಲ್ಲ. ಬೈಯುವಷ್ಟು ತ್ರಾಣ ಇದ್ದಿದ್ದರೆ ಬೈಯುತ್ತಿದ್ದೆ. ಅವರು ಕಸಬರಿಗೆ ಮೂಲೆಗಿಟ್ಟು, ಇವತ್ತಿನ ಅಡುಗೆ ತಾನು ನೋಡುತ್ತೇನೆ, ರಾತ್ರಿ ಮಗ್ಗುಲು ಬದಲಿಸುವುದನ್ನೂ ಇನ್ನು ಹಂಚಿಕೊಳ್ಳೋಣ ಎಂದರು.

ಕೆಲಸದವನು ಆ ದಿನ ಎಂದಿಲ್ಲದ ಹಾಗೆ ಹೇಳಿದ ಹೊತ್ತಿಗೇ ಬಂದ. ಬಿಚ್ಚಬೇಡ, ಅದೇ ತೂತಿನ ಜಾಗದಲ್ಲಿ ಒಂದು ಕಿಟಕಿ ಕೊರೆ, ಬಟ್ಟೆ ಬದ‍ಲಿಸುವಾಗ ಮುಚ್ಚಲು ಒಂದು ಬಾಗಿಲಿರಲಿ ಎಂದೆ. ಬರಿ ಬೋರ್ಡು ಕೊಯ್ದರೆ ಅಂಚು ಉದುರುತ್ತದೆ, ಸುತ್ತ ತಗಡಿನ ಪಟ್ಟಿ ಹಾಕಬೇಕು ಎಂದು ಶುರುಮಾಡಿದ. ಎಷ್ಟು ದೊಡ್ಡದು, ಎಷ್ಟು ಎತ್ತರಕ್ಕೆ ಎಂದು ಕೇಳಿದ. ಅತ್ತೆಯನ್ನೇ ಕೇಳಪ್ಪಾ ಎಂದೆ. ಅವರು ಕೋಲಿನ ತುದಿಯಿಂದ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದರು, ಎಳೆದಾದ ಮೇಲೆ ಇನ್ನೊಂದಿಷ್ಟು ಆಚೆಗೂ ಎಳೆದು, “ಬಾಗಲಾನೂ… ಕಾಣ್ಲಿ” ಎಂದರು. ಕಂಬದ ಆಚೆಗೂ ನೋಟ ಬೇಕಿತ್ತು ಅವರಿಗೆ. ನನಗೆ ಅಳುವಿನ ನಡುವೆಯೂ ನಗು ಬಂತು.

ಅವನು ಗೆರೆಗುಂಟ ಗರಗಸ ಹಚ್ಚಿದಾಗ ನಾನು ಪಡಸಾಲೆಯಲ್ಲಿ ಒಂದು ಚಾಪೆ ಹಾಸಿಕೊಂಡು ಮಲಗಿದೆ. ಒಂದು ಗಳಿಗೆ ಎಂದು ಮಲಗಿದ್ದು. ಎಚ್ಚರವಾದಾಗ ದನಗಳ ಮೇಲೆ ಇಳಿಬಿಸಿಲು ಬಿದ್ದಿತ್ತು, ಅಡುಗೆಮನೆಯಿಂದ ಅನ್ನ ಸೀದ ವಾಸನೆ ಬರುತ್ತಿತ್ತು. ಕಿಟಕಿ ಒಂದು ಬಾಜು ಮಾತ್ರ ಕೊಯ್ದು ನಿಂತಿತ್ತು. ಗರಗಸ ಗೋಡೆಯಲ್ಲೇ ಸಿಕ್ಕಿಕೊಂಡಿತ್ತು. ಕೆಲಸದವನು ಕಟ್ಟೆಯ ಮೇಲೆ ಫೋನು ನೋಡುತ್ತಾ ಕೂತಿದ್ದ. ನನಗೆ ರೇಗಿತು.

“ಯಾಕಪ್ಪಾ, ಹಿಡದ ಕೆಲಸಾ ಬಿಟ್ಟು ಇಲ್ಲಿ ಕುಂತಿ?”

“ನಾ ಏನ್ ಮಾಡ್ಲಿ ಅಕ್ಕಾರ” ಎಂದ. “ಗರಗಸ ಎಳದ್ರ ಅಮ್ಮಾರು ಕೋಲ್ ಎತ್ತತಾರ. ಆಕಿ ಏಳೂತನಕ ಸಪ್ಪಳ ಮಾಡಬ್ಯಾಡ ಅಂದ್ರು.”